ಗಸಿ ಇಲ್ಲದ ಕಾಫಿ

ಬೀಡಿ ಬಿಡುತ್ತೇನೆಂದು ಆಣೆ ಮಾಡುವವರಿದ್ದಾರೆ. ಸೆರೆ ಕುಡಿಯುವುದು ಬಿಡುತ್ತೇನೆಂದು ಬೆಳಿಗ್ಗೆ ಆಣೆ ಮಾಡಿ ಸಂಜೆಗೆ ಮುರಿಯುವವರಂತೂ ಓಣಿಗೊಬ್ಬರು ಸಿಗುತ್ತಾರೆ. ಆದರೆ ತಮ್ಮನ ಮನೆಯ ಚಹಾ ಬಿಡುತ್ತೇನೆಂದು ಗುರುಗುಂಟಾದ ಅಮರೇಶ್ವರನ ಹೆಸರೆತ್ತಿ ಆಣೆ ಮಾಡಿದವಳು ಇಡೀ ಮಸ್ಕಿಯಲ್ಲಿ ಬಸವಣ್ಣೆಮ್ಮ ಒಬ್ಬಳೇ.

ಆಕೆಗೆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು, ಸುಳ್ಳಲ್ಲ. ಆದರೆ ಅವತ್ತಿನ ಸಿಟ್ಟಿಗೆ ಕಾರಣವೂ ಇತ್ತು. ತಾಯಿ ಸತ್ತಾಗ ತಮ್ಮ ಆದೆಪ್ಪ ಇನ್ನೂ ಮೂಗು ಒರೆಸಿಕೊಳ್ಳಲು ಬಾರದ ಹುಡುಗ. ಅವನಿಗೆ ಎರೆದು, ರೊಟ್ಟಿ ಬಡಿದು ಹಾಕಿ, ಮುಂದೆ ಕಿರಾಣಿ ಅಂಗಡಿ ಇಡುವವರೆಗೂ ಬೆನ್ನಿಗೆ ನಿಂತವಳು ಈ ಅಕ್ಕ. ಮದುವೆಯಾಗಿ ಹೋದದ್ದೂ ಅದೇ ಊರಿನಲ್ಲಿ, ಎರಡು ಓಣಿ ಆಚೆಗೆ, ಪಂಪಣ್ಣನ ಮನೆಗೆ. ತವರು ಅಂದರೆ ಆಕೆಗೆ ಆ ತಮ್ಮ, ಆ ಮನೆ, ಅಷ್ಟೇ. ಮದುವೆಯಾಗಿ ವರ್ಷಗಳು ಉರುಳಿದರೂ ಅವನಿಗೆ ಮಕ್ಕಳಾಗಲಿಲ್ಲ ಎಂದು ಅವನಿಗಿಂತ ಹೆಚ್ಚು ಸಂಕಟಪಟ್ಟವಳೂ ಈಕೆಯೇ. ಒಂದು ಬೇಸಿಗೆಯಲ್ಲಿ ಗುರುಗುಂಟಾಕ್ಕೆ ಹೋಗಿ ಅಮರೇಶ್ವರನಿಗೆ ಹರಕೆ ಹೊತ್ತಳು. ತುಂಬಿದ ಬಸ್ಸಿನಲ್ಲಿ ನಿಂತು ಲಿಂಗಸುಗೂರಿಗೆ ಬಂದು, ಅಲ್ಲಿ ಬಸ್ಸು ಬದಲಿಸಿ ಮತ್ತೆ ನಿಂತುಕೊಂಡೇ ಮಸ್ಕಿಗೆ ಬಂದಳು. ತನ್ನ ಮನೆಗೂ ಹೋಗದೆ, ಸೆರಗಿನಲ್ಲಿ ಪ್ರಸಾದ ಕಟ್ಟಿಕೊಂಡು ನೆಟ್ಟಗೆ ತಮ್ಮನ ಮನೆ ಹೊಕ್ಕಳು.

ಪಡಸಾಲೆಯಲ್ಲಿ ತಮ್ಮನ ಹೆಂಡತಿ ಪಾರ್ವತೆಮ್ಮನ ಅಣ್ಣಂದಿರು ಕೂತಿದ್ದರು. ದಢೇಸುಗೂರಿನವರು, ಕಾಲುವೆ ನೀರಿನ ಭತ್ತದ ಗದ್ದೆಯವರು. ಅವರ ಕೈಯಲ್ಲಿ ಪಿಂಗಾಣಿ ಕಪ್ಪು, ಬಸಿ; ಕಪ್ಪಿನಲ್ಲಿ ಕೆನೆಗಟ್ಟಿದ ಹಾಲಿನ ಚಹಾ. ಬಸವಣ್ಣೆಮ್ಮನ ಕೈಗೆ ಬಂದದ್ದು ಸ್ಟೀಲ್ ಲೋಟ, ಅದರಲ್ಲಿ ಕರೀ ಚಹಾ. ಹಾಲಿನ ಹನಿಯೂ ಇಲ್ಲ. ಒಂದು ಗುಟುಕು ಕುಡಿದು ನೋಡಿದಳು. ಬಣ್ಣದ ನೀರು.

“ತವರಿನವರಿಗೆ ಹಾಲಿಂದು, ನನಗ ನೀರಿಂದು?” ಎಂದು ಲೋಟವನ್ನು ಹೊಸ್ತಿಲ ಮೇಲೆ ಕುಕ್ಕಿದಳು. ಆ ರಭಸಕ್ಕೆ ಸೆರಗಿನ ಗಂಟು ಬಿಚ್ಚಿ ಪ್ರಸಾದ ಅಲ್ಲೇ ಚೆಲ್ಲಿತು. “ಇನ್ನ ಮ್ಯಾಲ ಈ ಮನಿ ಚಾ ನನ್ನ ಬಾಯಾಗ ಬಿದ್ರ ಅಮರೇಶ್ವರನ ಆಣಿ!”

ಹಾಲು ತೀರಿತ್ತು. ಸಂಗತಿ ಅಷ್ಟೇ. “ಅಕ್ಕಾರ, ಹಾಲು ತೀರೈತ್ರಿ, ಕುಂದರ್ರಿ, ತರಸ್ತೀನಿ” ಎಂದು ಪಾರ್ವತೆಮ್ಮ ಒಂದು ಮಾತು ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ತಪ್ಪಾದಾಗ ಬಾಯಿ ಕಟ್ಟುವ ಜಾತಿ ಆಕೆಯದು. ಸೆರಗಿನ ತುದಿ ಹಿಡಿದು ಬಾಗಿಲಿಗೆ ಆತು ನಿಂತಳೇ ಹೊರತು ತುಟಿ ಬಿಚ್ಚಲಿಲ್ಲ. ಆ ಮೌನ ಬಸವಣ್ಣೆಮ್ಮನಿಗೆ ಸೊಕ್ಕಾಗಿ ಕಂಡಿತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಅನ್ನುತ್ತಾರಲ್ಲ, ಹಾಗಾಯಿತು. ನಮ್ಮ ಕಡೆ ಒಂದು ಮನೆಯ ಚಹಾ ಬಿಟ್ಟರೆ ಆ ಮನೆಯನ್ನೇ ಬಿಟ್ಟಂತೆ. ಚಹಾ ಕುಡಿಯದವರಿಗೆ ಊಟಕ್ಕೆ ಏಳಿ ಅನ್ನುವವರು ಯಾರು?

ದೇವರು ಮಾತ್ರ ಚಹಾದ ಜಗಳ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮರುವರ್ಷ ಪಾರ್ವತೆಮ್ಮ ಬಸುರಿಯಾದಳು. ದಢೇಸುಗೂರಿನಲ್ಲಿ ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕಿದರು, ಹೆಸರು ಮಾತ್ರ ಇಡಲಿಲ್ಲ. ಯಾಕೆಂದರೆ ಕೂಸಿನ ಕಿವಿಗೆ ಬಾಯಿಟ್ಟು ‘ಕುರ್ರ್’ ಎಂದು ಹೆಸರು ಹೇಳಬೇಕಾದವಳು ಸೋದರತ್ತೆ. ಆಕೆ ಹೇಳುತ್ತಿದ್ದ ಹಾಗೆ ಉಳಿದ ಹೆಂಗಸರು ಆಕೆಯ ಬೆನ್ನಿಗೆ ನಾಲ್ಕು ಗುದ್ದು ಹಾಕುತ್ತಾರೆ. ಗುದ್ದಿಸಿಕೊಳ್ಳುವುದೂ ಒಂದು ಮರ್ಯಾದೆಯೇ. ಆದೆಪ್ಪ ಹಟ ಹಿಡಿದ. “ನನ್ನ ಮಗಳ ಕಿವ್ಯಾಗ ಹೆಸರು ಬಿದ್ರ ನಮ್ಮಕ್ಕನ ಬಾಯಿಂದನ ಬೀಳಬೇಕು” ಅಂದ. ಪಾರ್ವತೆಮ್ಮ ಬೇಡ ಅನ್ನಲಿಲ್ಲ, ಆದರೆ ಕಡ್ಡಿ ತುಂಡು ಮಾಡಿದ ಹಾಗೆ ಒಂದು ಮಾತು ಹೇಳಿದಳು: “ಬರ್ಲಿರಿ. ಆದರ ಈ ಮನಿ ಚಾ ಬ್ಯಾಡಂದಾಕಿ ಈ ಮನಿ ಕೂಸಿಗೆ ಹೆಂಗ ಹೆಸರಿಡ್ತಾಳ? ಮದಲ ಬಾಯಿಗೆ ಇಟಗೊಳ್ಳಿ, ಆಮ್ಯಾಲ ಕೂಸಿನ ಎತಗೊಳ್ಳಿ.” ಇದೂ ತಪ್ಪಲ್ಲ, ನ್ಯಾಯವೇ.

ಹೀಗೆ ಆಣೆ ಒಂದು ಕಡೆ, ಕೂಸು ಒಂದು ಕಡೆ. ಬಾಣಂತನ ಮುಗಿಸಿ ಪಾರ್ವತೆಮ್ಮ ಮಸ್ಕಿಗೆ ಬಂದಾಗಲೂ ಕೂಸಿಗೆ ಹೆಸರಿರಲಿಲ್ಲ. ಎಲ್ಲರಿಗೂ ಅದು ಬರೀ ‘ಕೂಸು’.

ಅದು ಎಂಬತ್ತೊಂಬತ್ತನೇ ಇಸವಿ. ಆ ಓಣಿಗೆಲ್ಲ ಮೊದಲ ಟಿವಿ ತಂದವನು ಆದೆಪ್ಪ. ಕಪ್ಪು ಬಿಳುಪಿನದು. ಮಾಳಿಗೆ ಮೇಲೆ ಉದ್ದನೆಯ ಕಂಬಕ್ಕೆ ಆಂಟೆನಾ ಕಟ್ಟಿದ್ದ. ಗಾಳಿ ಬೀಸಿದರೆ ಚಿತ್ರ ಹೋಗುತ್ತಿತ್ತು, ಕಾಗೆ ಕೂತರೂ ಹೋಗುತ್ತಿತ್ತು. ಭಾನುವಾರ ಬೆಳಿಗ್ಗೆ ದೇವರ ಧಾರಾವಾಹಿ ಬರುವ ಹೊತ್ತಿಗೆ ಓಣಿಯ ಹೆಂಗಸರೆಲ್ಲ ತಲೆಗೆ ಎರೆದುಕೊಂಡು ಬಂದು ಪಡಸಾಲೆ ತುಂಬುತ್ತಿದ್ದರು. ಅವರ ನಡುವೆ ಬಸವಣ್ಣೆಮ್ಮನೂ ಬರುತ್ತಿದ್ದಳು. ಬರುವಾಗ ಕೈಯಲ್ಲಿ ಒಂದು ತಾಮ್ರದ ಚೆಂಬು, ಅದರ ತುಂಬ ತನ್ನ ಮನೆಯ ನೀರು.

“ಆಣಿ ಮಾಡೀದಿ, ಮತ್ತ ಅಲ್ಲಿಗೆ ಯಾಕ ಹೋಗ್ತಿ?” ಎಂದು ಗಂಡ ಪಂಪಣ್ಣ ಕೆಣಕಿದರೆ, “ನಾ ಆಣಿ ಮಾಡಿದ್ದು ಚಾದ ಮ್ಯಾಲ, ಟಿವಿ ಮ್ಯಾಲ ಅಲ್ಲ. ದೇವರ ದರ್ಶನಕ್ಕ ಹೋಗ್ತೀನಿ” ಅನ್ನುತ್ತಿದ್ದಳು.

ದೇವರ ದರ್ಶನ ನೆಪ. ಆಕೆ ಕೂರುತ್ತಿದ್ದ ಜಾಗದಿಂದ ಟಿವಿ ಅರ್ಧ ಕಾಣುತ್ತಿತ್ತು, ಒಳಮನೆಯ ತೊಟ್ಟಿಲು ಪೂರ್ತಿ ಕಾಣುತ್ತಿತ್ತು. ಕೂಸು ಅತ್ತರೆ ಈಕೆಯ ಕೈ ತಾನಾಗಿ ಅಲ್ಲಾಡುತ್ತಿತ್ತು. ತಾನು ಬೇಡಿ ತಂದ ಕೂಸು ಅದು. ಓಣಿಯವರೆಲ್ಲ ಎತ್ತಿ ಆಡಿಸುತ್ತಿದ್ದರು, ತಾನು ಮಾತ್ರ ಊರವರಿಗಿಂತ ದೂರ ಕೂತು ಚೆಂಬಿನ ನೀರು ಕುಡಿಯಬೇಕಿತ್ತು. ಆದರೂ ಉಗುಳಿದ್ದನ್ನು ನುಂಗುವ ಹೆಂಗಸಲ್ಲ ಆಕೆ.

ಧಾರಾವಾಹಿಗೆ ಮುಂಚೆ ಜಾಹೀರಾತು ಬರುತ್ತಿದ್ದವು. ಸಾಬೂನು, ಹಲ್ಲಿನ ಪೇಸ್ಟು, ಸೈಕಲ್ಲು. ಅವುಗಳ ನಡುವೆ ಕಾಫಿ. ಎರಡು ಕಂಪನಿಯ ಕಾಫಿ, ಎರಡಕ್ಕೂ ಒಬ್ಬೊಬ್ಬ ದೊಡ್ಡ ನಟಿ. ಕಾಫಿ ಅನ್ನುವ ವಸ್ತುವನ್ನು ಆ ಓಣಿಯಲ್ಲಿ ಕುಡಿದವರಿರಲಿಲ್ಲ. ಸಿಂಧನೂರು ಕಡೆಯ ಕ್ಯಾಂಪುಗಳಲ್ಲಿ ಆಂಧ್ರದಿಂದ ಬಂದು ನೆಲೆಸಿದವರು ಕುಡಿಯುತ್ತಾರಂತೆ ಎಂದು ಕೇಳಿ ಬಲ್ಲರು, ಅಷ್ಟೇ. ಆದರೆ ಕಾಫಿಯ ನಟಿಯರನ್ನು ಬಸವಣ್ಣೆಮ್ಮ ಸೊಸೆ ನೋಡಲು ಹೋದವಳಂತೆ ನೋಡುತ್ತಿದ್ದಳು.

ಒಬ್ಬಳು ಕನ್ನಡಿಯ ಮುಂದೆ ನಿಂತು ಒಬ್ಬಳೇ ಕುಡಿಯುತ್ತಿದ್ದಳು. ಆಕೆ ಬಸವಣ್ಣೆಮ್ಮನಿಗೆ ಸೇರಲಿಲ್ಲ. “ಮನ್ಯಾಗ ಮಂದಿ ಇಲ್ಲೇನು ಈಕಿಗೆ? ಬಸೀನೂ ಇಲ್ಲ. ನಾಲಿಗಿ ಸುಟಗೊಂಡಾಳು.”

ಇನ್ನೊಬ್ಬಳು ಬೇರೆ. ಸಿಂಧನೂರಿನ ಟಾಕೀಸಿನಲ್ಲಿ ಜನ ಆಕೆಯ ಸಿನಿಮಾಕ್ಕೆ ಅತ್ತು ಬಂದಿದ್ದರು. ಜಾಹೀರಾತಿನಲ್ಲಿ ಮಳೆ ಸುರಿಯುತ್ತಿರುತ್ತದೆ. ಯಾರೋ ಬಾಗಿಲು ಬಡಿಯುತ್ತಾರೆ. ಅಷ್ಟು ದೊಡ್ಡ ನಟಿ, ತಾನೇ ಎದ್ದು ಬಾಗಿಲು ತೆಗೆಯುತ್ತಾಳೆ. ಹೊರಗೆ ಮುಖ ಊದಿಸಿಕೊಂಡು ಒಬ್ಬ ಹೆಣ್ಣುಮಗಳು ತೊಯ್ದು ನಿಂತಿರುತ್ತಾಳೆ. ನಟಿ ಏನೂ ಕೇಳುವುದಿಲ್ಲ. ಒಳಗೆ ಹೋಗಿ ಎರಡು ಕಪ್ಪು ಕಾಫಿ ತರುತ್ತಾಳೆ. ಕಪ್ಪನ್ನು ಎರಡೂ ಅಂಗೈಯಲ್ಲಿ ಅಪ್ಪಿ ಹಿಡಿದು, ಕಣ್ಣು ಮುಚ್ಚಿ, ಆವಿ ಮೂಸಿ ಒಂದು ಗುಟುಕು ಕುಡಿಯುತ್ತಾಳೆ. ಮುನಿದವಳೂ ಒಂದು ಗುಟುಕು ಕುಡಿಯುತ್ತಾಳೆ. ಇಬ್ಬರೂ ನಗುತ್ತಾರೆ. ಮುಗಿಯಿತು.

“ಇಷ್ಟ ಲಗೂನ?” ಎಂದಳು ಬಸವಣ್ಣೆಮ್ಮ, ಮೊದಲ ಸಲ ನೋಡಿದಾಗ.

ಹಿಂದಿ ತಿಳಿಯುತ್ತಿದ್ದವಳು ಪಕ್ಕದ ಮನೆಯ ಜಮೀಲಾಬೀ. ಓಣಿಯ ಹೆಂಗಸರಿಗೆಲ್ಲ ಜಂಪರ್ ಹೊಲಿಯುವವಳು, ಈ ಮನೆಗೂ ಬೇಕು, ಆ ಮನೆಗೂ ಬೇಕು.

“ಆಕಿ ಏನಂತಾಳ ಜಮೀಲಾಬೀ?”

“ಕಾಫಿ ಕುಡದ್ರ ಮನಸು ಮನಸು ಕೂಡತಾವ ಅಂತಾಳ.”

“ಚಾ ಕುಡದ್ರ?”

“ಚಾದ ಸುದ್ದಿ ಆಕಿ ಎತ್ತಿಲ್ಲ, ಬಸವಣ್ಣೆಮ್ಮ.”

ಆ ಮಾತು ಬಸವಣ್ಣೆಮ್ಮನ ತಲೆಯಲ್ಲಿ ಕೂತುಬಿಟ್ಟಿತು. ಅವತ್ತು ದೇವರು ಟಿವಿಯಲ್ಲಿ ಯಾರನ್ನು ಕೊಂದ, ಯಾರಿಗೆ ವರ ಕೊಟ್ಟ, ಒಂದೂ ಆಕೆಗೆ ಕಾಣಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಹಿರೇಮಠದ ಕಟ್ಟೆಯ ಮೇಲೆ ಅಯ್ಯನವರು ಕರಿಬಸಯ್ಯ ಕೂತಿದ್ದರು. ಓಣಿಯ ಹುಟ್ಟು ಸಾವಿಗೆಲ್ಲ ಅವರೇ ಬೇಕು. ಕಟ್ಟೆ ಹತ್ತಿ ನಮಸ್ಕಾರ ಮಾಡಿ ನಿಂತಳು.

“ಅಯ್ಯಾರ, ನಮ್ಮ ಓಣ್ಯಾಗ ಒಬ್ಬಾಕಿ ಅದಾಳ್ರಿ. ಒಂದು ಮನಿ ಚಾ ಕುಡ್ಯಂಗಿಲ್ಲಂತ ಆಣಿ ಮಾಡ್ಯಾಳ. ಅದ ಮನ್ಯಾಗ ಆಕಿ ಕಾಫಿ ಕುಡದ್ರ ಆಣಿ ಮುರೀತೈತೇನ್ರಿ?”

ಕರಿಬಸಯ್ಯ ಗಡ್ಡ ನೀವಿಕೊಂಡರು. “ಆ ಒಬ್ಬಾಕಿ ತಮ್ಮಗ ಹೆಣ್ಣು ಕೂಸು ಹುಟ್ಟೈತೇನವ್ವ?”

“ಯಾರಿಗರ ಹುಟ್ಟಿರತೈತ್ರಿ. ನೀವು ಆಣಿ ಸುದ್ದಿ ಹೇಳ್ರಿ.”

“ಜ್ವಾಳದ ರೊಟ್ಟಿ ಬಿಟ್ಟಾಕಿ ಸಜ್ಜಿ ರೊಟ್ಟಿ ತಿಂದ್ರ ಯಾವ ದೇವರೂ ಸಿಟ್ಟಾಗಂಗಿಲ್ಲ. ಚಾ ಬ್ಯಾರೆ, ಕಾಫಿ ಬ್ಯಾರೆ. ಕುಡೀಲಿ. ಆದರ ತಿಳದೂ ತಿಳದೂ ಆಣಿ ಮುರದ್ರ ಮಾತ್ರ ಇಲ್ಲಿಂದ ಗುರುಗುಂಟಾಕ್ಕ ಬರಿಗಾಲಾಗ ನಡದು ಹೋಗಿ ತಪ್ಪಾತಂತ ಬೀಳಬೇಕು. ಬಸ್ಸು ಹತ್ತಂಗಿಲ್ಲ. ಆ ಒಬ್ಬಾಕಿಗೆ ಹೇಳು.”

“ಆಕಿ ಯಾಕ ಮುರೀತಾಳ್ರಿ?” ಎಂದು ಬಸವಣ್ಣೆಮ್ಮ ನಕ್ಕಳು. ಮೊಣಕಾಲು ನೋವಿನವಳು, ಮಠದ ಕಟ್ಟೆ ಇಳಿಯುವಾಗ ಅವತ್ತು ಕಾಲು ಹಿಡಿದುಕೊಳ್ಳಲೇ ಇಲ್ಲ.

ದಾರಿ ಸಿಕ್ಕಿತು. ಆದರೆ ನಡೆಯುವುದು ಹೇಗೆ? ‘ನನಗೆ ಕಾಫಿ ಮಾಡಿ ಕೊಡು’ ಎಂದು ತಮ್ಮನ ಹೆಂಡತಿಗೆ ಬಾಯಿ ಬಿಟ್ಟು ಕೇಳುವುದೆಂದರೆ ಸೋತಂತೆ. ಅದಕ್ಕೆ ಮುಂದಿನ ಭಾನುವಾರ ನಟಿ ಬಾಗಿಲು ತೆಗೆಯುತ್ತಿದ್ದಂತೆ, ಅಡುಗೆಮನೆಗೆ ಕೇಳುವಷ್ಟು ಗಟ್ಟಿಯಾಗಿ ಶುರು ಮಾಡಿದಳು:

“ಜಮೀಲಾಬೀ, ಕಾಫಿ ಅಂದ್ರ ಚಾ ಅಲ್ಲ, ಹೌದಿಲ್ಲ?”

“ಹೌದು.”

“ಕಾಫಿ ಕುಡದ್ರ ಚಾ ಕುಡದಂಗ ಆಗಂಗಿಲ್ಲ. ಅಯ್ಯಾರು ಹೇಳ್ಯಾರ.”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅದರ ಮುಂದಿನ ಭಾನುವಾರವೂ ಅದೇ ನಟಿ, ಅದೇ ಮಳೆ, ಅದೇ ಮಾತು. ಮಗಳಿಗೆ ಬೈದು ಸೊಸೆಗೆ ಮುಟ್ಟಿಸುವ ವಿದ್ಯೆ ಬಸವಣ್ಣೆಮ್ಮನಿಗೆ ಚೆನ್ನಾಗಿ ಬರುತ್ತಿತ್ತು. ಮುಟ್ಟಿಸಿಕೊಳ್ಳಬೇಕಾದವಳು ಮಾತ್ರ ಕಲ್ಲಿನಂತಿದ್ದಳು. ಅಷ್ಟರಲ್ಲಿ ದಢೇಸುಗೂರಿನಿಂದ ಹೇಳಿಕೆ ಬಂತು. ಬರುವ ಹುಣ್ಣಿವೆಗೆ ತಾವೆಲ್ಲ ಬರುತ್ತೇವೆ, ಸೋದರತ್ತೆ ಹೇಳಿದರೆ ಸರಿ, ಇಲ್ಲದಿದ್ದರೆ ಯಾರ ಬಾಯಿಂದಾದರೂ ಹೆಸರು ಹೇಳಿಸಿ ಮುಗಿಸುತ್ತೇವೆ, ಹೆಸರಿಲ್ಲದ ಕೂಸನ್ನು ಎಷ್ಟು ದಿನ ಇಟ್ಟುಕೊಳ್ಳುವುದು ಅಂತ. ಅದೂ ಸರಿಯಾದ ಮಾತೇ. ಬಸವಣ್ಣೆಮ್ಮನಿಗೆ ಅವತ್ತು ರೊಟ್ಟಿ ಸೇರಲಿಲ್ಲ. ಕೂಸಿನ ಕಿವಿಗೆ ಬೇರೆ ಯಾರದೋ ಬಾಯಿ ಮುಟ್ಟುವುದನ್ನು ನೆನೆದರೆ ಕಣ್ಣಲ್ಲಿ ನೀರು ಬರುತ್ತಿತ್ತು.

ಹುಣ್ಣಿವೆಗೆ ಮುಂಚಿನ ಭಾನುವಾರ ಆಕೆ ಬಂದಳು, ಚೆಂಬು ಇಟ್ಟುಕೊಂಡಳು, ನಟಿ ಬಂದಳು, ಮಳೆ ಬಂತು. ಈ ಸಲ ಬಸವಣ್ಣೆಮ್ಮನ ಬಾಯಿಂದ ಮಾತೇ ಹೊರಡಲಿಲ್ಲ. ಸುಮ್ಮನೆ ಆ ಕಪ್ಪನ್ನೇ ನೋಡುತ್ತ ಕೂತಳು. ಆಗ ಅಡುಗೆಮನೆಯಿಂದ ದನಿ ಬಂತು:

“ಜಮೀಲಾಬೀ, ಆ ಪುಡಿ ಎಲ್ಲಿ ಸಿಗತೈತಂತ ಕೇಳು.”

ಪಡಸಾಲೆಯಲ್ಲಿದ್ದ ಹೆಂಗಸರೆಲ್ಲ ಟಿವಿ ಬಿಟ್ಟು ಇತ್ತ ತಿರುಗಿದರು.

“ಸಿಂಧನೂರಾಗ ಸಿಗತೈತಂತ ಹೇಳು, ಜಮೀಲಾಬೀ” ಎಂದಳು ಬಸವಣ್ಣೆಮ್ಮ, ಟಿವಿಯಿಂದ ಕಣ್ಣು ಕೀಳದೆ.

“ಸಕ್ಕರಿ ಎಷ್ಟ ಬೇಕಂತ ಕೇಳು.”

“ಅವರ ಮನಿ ಸಕ್ಕರಿ, ಅವರ ಕೈ. ಹಾಲು ಮಾತ್ರ ಇರಬೇಕಂತ ಹೇಳು.”

ಜಮೀಲಾಬೀ ಇಬ್ಬರ ನಡುವೆ ಕೂತು, “ನಾ ಹೇಳಾಕ ಏನೈತಿ? ಇಬ್ರಿಗೂ ಕಿವಿ ಅದಾವಲ್ಲ!” ಎಂದು ನಕ್ಕಳು.

ಆದೆಪ್ಪ ಅಂಗಡಿ ಸಾಮಾನು ತರಲು ಸಿಂಧನೂರಿಗೆ ಹೋದವನು ಕಾಫಿಯ ಬಾಟಲಿ ತಂದ. ಅಲ್ಲಿನ ಅಂಗಡಿಯ ಗೋಡೆಯ ಮೇಲೆ ಅದೇ ನಟಿಯ ಬಣ್ಣದ ಚಿತ್ರವಿತ್ತಂತೆ, ಆಕೆಯ ಸೀರೆ ಹಳದಿ ಅಂತ ಅವತ್ತು ಗೊತ್ತಾಯಿತಂತೆ. ಇದನ್ನು ಮಾಡುವುದು ಹೇಗೆ ಎಂದು ಕೇಳಬೇಕು ಅಂತ ಅವನಿಗೆ ನಾಲಿಗೆಯ ತುದಿಗೆ ಬಂದಿತ್ತು. ಆದರೆ ತಾನೇ ಒಬ್ಬ ಕಿರಾಣಿ ವ್ಯಾಪಾರಿ, ಪುಡಿ ಕುದಿಸುವುದು ಹೇಗೆ ಎಂದು ಇನ್ನೊಬ್ಬ ವ್ಯಾಪಾರಿಯನ್ನು ಕೇಳಿದರೆ ಮರ್ಯಾದೆ ಉಳಿಯುತ್ತದೆಯೇ? ಚಹಾ ಪುಡಿ ಕುದಿಸಿದ ಹಾಗೆ ಇದನ್ನೂ ಕುದಿಸಿದರಾಯಿತು ಅಂದುಕೊಂಡು ಬಂದ. ಆ ಊರಿನಲ್ಲಿ ಬೇರೆ ಯಾರು ಹೋಗಿದ್ದರೂ ಹಾಗೇ ಬರುತ್ತಿದ್ದರು.

ಹುಣ್ಣಿವೆ ಭಾನುವಾರವೇ ಬಿದ್ದಿತ್ತು. ಟಿವಿಗೆ ಅರಿವೆ ಹೊದಿಸಿ ಮೂಲೆಗೆ ಸರಿಸಿದ್ದರು. ಪಡಸಾಲೆಯಲ್ಲಿ ದಢೇಸುಗೂರಿನ ಹೆಂಗಸರು, ಓಣಿಯ ಹೆಂಗಸರು, ನಡುವೆ ಹೂ ಸುತ್ತಿದ ತೊಟ್ಟಿಲು. ಬಸವಣ್ಣೆಮ್ಮ ಇಳಕಲ್ ಸೀರೆ ಉಟ್ಟು ಬಂದಳು. ಕೈಯಲ್ಲಿ ಚೆಂಬು ಇರಲಿಲ್ಲ. ಅದನ್ನು ಎಲ್ಲರೂ ಗಮನಿಸಿದರು, ಪಾರ್ವತೆಮ್ಮನೂ ಗಮನಿಸಿದಳು.

ಆಕೆ ಕೂತದ್ದು ಅಡುಗೆಮನೆ ಬಾಗಿಲಿಗೆ ಎದುರಾಗಿ. ಒಳಗಿನದೆಲ್ಲ ಕಾಣುತ್ತಿತ್ತು. ಪಾರ್ವತೆಮ್ಮ ಸ್ಟೋವಿನ ಮೇಲೆ ಪಾತ್ರೆ ಇಟ್ಟು, ಹಾಲು ಸುರಿದು, ಹಸಿಶುಂಠಿ ಜಜ್ಜಿ ಹಾಕಿ, ಬಾಟಲಿಯ ಪುಡಿ ಹಾಕಿ ಕುದಿಸಿದಳು. ಚಹಾ ಕುದಿಸುವ ಹಾಗೆಯೇ, ಉಕ್ಕಿ ಬಂದಾಗ ಇಳಿಸಿ, ಮತ್ತೆ ಏರಿಸಿ, ಮತ್ತೆ ಇಳಿಸಿ ಕುದಿಸಿದಳು. ಆಮೇಲೆ ಅರಿವೆ ಹಿಡಿದು ಸೋಸಿದಳು. ಸೋಸಿ ಅರಿವೆ ಬಿಡಿಸಿ ನೋಡಿದವಳು ಹಾಗೇ ನಿಂತುಬಿಟ್ಟಳು. ಅರಿವೆಯಲ್ಲಿ ಶುಂಠಿಯ ನಾರು ಬಿಟ್ಟರೆ ಏನೂ ಇರಲಿಲ್ಲ. ಚಹಾ ಆಗಿದ್ದರೆ ಮುಷ್ಟಿ ತುಂಬ ಗಸಿ ಉಳಿಯಬೇಕಿತ್ತು. ಗಸಿ ನೋಡಿಯೇ ಅಲ್ಲವೇ ನಮ್ಮ ಹೆಂಗಸರು ಪುಡಿ ಅಸಲಿಯೋ ನಕಲಿಯೋ ಎಂದು ಹೇಳುವುದು? ಬಿಸಿ ಹಾಲಿನಲ್ಲಿ ಕರಗಿಯೇ ಹೋಗುವ ಪುಡಿ ಒಂದಿದೆ ಎಂದು ಆ ಮನೆಯಲ್ಲಿ ಯಾರಿಗೆ ಗೊತ್ತಿತ್ತು?

“ನೋಡ ಜಮೀಲಾಬೀ, ಗಸಿನ ಇಲ್ಲ!” ಪಾರ್ವತೆಮ್ಮನ ಪಿಸುದನಿ ಹೊರಗೆ ಕೇಳಿತು. “ಪುಡಿ ಅಲ್ಲ ಇದು, ಬರೇ ಬಣ್ಣ. ಮೋಸ ಮಾಡ್ಯಾರ.”

“ಯಾ ಅಲ್ಲಾ! ಮಂದಿ ಕುಂತಾರ, ಈಗ ಹೆಂಗ?”

“ಹೆಂಗಂದ್ರ? ಅಕ್ಕಾರಿಗೆ ಮತ್ತ ಬಣ್ಣದ ನೀರು ಕೊಡ್ಲೇನು? ಅವತ್ತಿಂದು ಇನ್ನಾ ನನ್ನ ಎದಿಯಾಗ ಹಂಗ ಕುಂತೈತಿ. ಇವತ್ತ ಗಟ್ಟಿ ಆಗಬೇಕು ನೋಡ, ಗಟ್ಟಿ.”

ಜಮೀಲಾಬೀ ಕಪ್ಪು ಬಸಿ ಒರೆಸಲು ಆ ಕಡೆ ತಿರುಗಿದಳು. ಪಾರ್ವತೆಮ್ಮನ ಕೈ ನಾಗಂದಿಗೆಯ ಮೇಲಿನ ಡಬ್ಬಿಗೆ ಹೋಯಿತು. ದಿನಾ ಹೋಗಿ ಹೋಗಿ ದಾರಿ ರೂಢಿಯಾದ ಕೈ ಅದು. ಮುಚ್ಚಳ ತೆಗೆದು ದೊಡ್ಡ ಚಮಚ ತುಂಬ ಪುಡಿ ಪಾತ್ರೆಗೆ ಸುರಿದು, ಇನ್ನೊಂದು ಕುದಿ ಬರಿಸಿ, ಸೋಸಿ, ಅರಿವೆಯನ್ನು ನೋಡದೆಯೇ ಮೂಲೆಗೆ ಎಸೆದಳು. ಅದು ಚಹಾ ಪುಡಿಯ ಡಬ್ಬಿ.

ಬಸವಣ್ಣೆಮ್ಮ ಕಣ್ಣಾರೆ ಕಂಡಳು. ಕೂಗಿ ಹೇಳಬೇಕೆಂದು ಅರ್ಧ ಎದ್ದಳು. ಅಷ್ಟರಲ್ಲಿ ಪಾರ್ವತೆಮ್ಮ ತಾಟಿನಲ್ಲಿ ಕಪ್ಪು ಬಸಿ ಇಟ್ಟುಕೊಂಡು ಹೊರಗೆ ಬಂದೇಬಿಟ್ಟಳು. ಸ್ಟೀಲ್ ಲೋಟವಲ್ಲ, ಹೂವಿನ ಚಿತ್ತಾರದ ಕಪ್ಪು. ಹೊಸದು.

“ಕಾಫಿ ತಗೋರಿ, ಅಕ್ಕಾರ.”

ಲೋಟ ಕುಕ್ಕಿದ ದಿನದಿಂದ ಆ ಹೆಂಗಸು ಈಕೆಯ ಮುಖ ನೋಡಿ ಆಡಿದ ಮೊದಲ ಮಾತು ಅದು.

ಕಪ್ಪು ಮೂಗಿನ ಹತ್ತಿರ ಬಂದ ಕೂಡಲೇ ಚಹಾದ ವಾಸನೆ ಬಂತು. ಜೊತೆಗೆ ಇನ್ನೊಂದು ಸುಟ್ಟ ಕಹಿ ವಾಸನೆ. ಅದು ಕಾಫಿಯದಿರಬೇಕು. ಬಸವಣ್ಣೆಮ್ಮ ಕಪ್ಪನ್ನು ನೋಡಿದಳು, ತಮ್ಮನ ಹೆಂಡತಿಯ ಮುಖ ನೋಡಿದಳು. ಆ ಮುಖದಲ್ಲಿ ಕಪಟ ಹುಡುಕಿದರೂ ಇರಲಿಲ್ಲ. ತಾನು ಏನು ಹಾಕಿದೆ ಎಂಬುದು ಕೂಡ ಆ ಗಾಬರಿಯಲ್ಲಿ ಆಕೆಗೆ ನೆನಪಿರಲಿಲ್ಲ. ‘ಗಟ್ಟಿಯಾಗಿದೆಯೇ, ನೀರಾಗಿದೆಯೇ’ ಎಂಬ ಒಂದೇ ಹೆದರಿಕೆ ಕಣ್ಣಲ್ಲಿತ್ತು. ಇದರಲ್ಲಿ ಚಹಾ ಇದೆ ಎಂದು ಈಗ ಒಂದು ಮಾತು ಅಂದರೆ ಆಣೆ ಉಳಿಯುತ್ತದೆ. ತವರಿನವರ ಎದುರಿಗೆ ಪಾರ್ವತೆಮ್ಮನ ಮಾನ ಉಳಿಯುವುದಿಲ್ಲ, ತೊಟ್ಟಿಲ ಕೂಸು ತನ್ನ ಕೈಗೆ ಬರುವುದಿಲ್ಲ. ಅವತ್ತು ಲೋಟ ಕುಕ್ಕಿದಾಗ ಈಕೆ ಬಾಗಿಲಿಗೆ ಆತು ನಿಂತದ್ದು ಸೊಕ್ಕಿನಿಂದಲ್ಲ, ಹೀಗೇ ಹೆದರಿ ನಿಂತಿದ್ದಳು ಎಂದು ಬಸವಣ್ಣೆಮ್ಮನಿಗೆ ಈಗ ಹೊಳೆಯಿತು. ಅಯ್ಯೋ ಪಾಪ ಅನ್ನಿಸಿತು. ಗುರುಗುಂಟಾದ ದಾರಿ ಕಣ್ಣ ಮುಂದೆ ಉದ್ದಕ್ಕೂ ಬಿಚ್ಚಿಕೊಂಡಿತು, ಮೊಣಕಾಲು ಕೂತಲ್ಲೇ ನೊಂದಿತು.

ಕಪ್ಪನ್ನು ಎರಡೂ ಅಂಗೈಯಲ್ಲಿ ಅಪ್ಪಿ ಹಿಡಿದಳು. ಕಣ್ಣು ಮುಚ್ಚಿದಳು. ಆವಿ ಮೂಸಿದಳು. ಹೆಂಗಸರೆಲ್ಲ ಟಿವಿಯ ನಟಿಯನ್ನು ನೆನೆದು ಗೊಳ್ಳೆಂದು ನಕ್ಕರು. ನಗುವಿನ ನಡುವೆಯೇ ಬಸವಣ್ಣೆಮ್ಮ ತಿಳಿದೂ ತಿಳಿದೂ ಕಪ್ಪು ಖಾಲಿ ಮಾಡಿದಳು.

“ಹೆಂಗಾಗೈತ್ರಿ?” ಎಂದಳು ಪಾರ್ವತೆಮ್ಮ.

“ಗಟ್ಟಿ ಆಗೈತಿ,” ಎಂದಳು ಬಸವಣ್ಣೆಮ್ಮ. “ಭಾಳ ಗಟ್ಟಿ ಆಗೈತಿ.”

ಪಾರ್ವತೆಮ್ಮ ಕೂಸನ್ನು ತಂದು ಆಕೆಯ ಮಡಿಲಿಗೆ ಹಾಕಿದಳು. ಹಾಕುವಾಗ ಬಾಗಿ, ಹೇಳಬೇಕಾದ ಹೆಸರನ್ನು ಉಸಿರಿನಲ್ಲಿ ಹೇಳಿದಳು: “ಅಮರಮ್ಮ.” ದಢೇಸುಗೂರಿನ ಯಾವುದೋ ಅಜ್ಜಿಯ ಹೆಸರು ಬರುತ್ತದೆಂದು ಕಾದಿದ್ದ ಬಸವಣ್ಣೆಮ್ಮ ಕೂಸನ್ನು ಎದೆಗೆ ಒತ್ತಿಕೊಂಡಳು. ಅಮರೇಶ್ವರನಿಗೆ ಹೊತ್ತ ತನ್ನ ಹರಕೆ ಈಕೆಗೆ ಗೊತ್ತಿತ್ತು. ಅವತ್ತು ಹೊಸ್ತಿಲ ಮೇಲೆ ಬಿದ್ದ ಪ್ರಸಾದವನ್ನು ಈಕೆ ಆರಿಸಿ ತಿಂದಿರಬೇಕು. ಬಸವಣ್ಣೆಮ್ಮ ಕೂಸಿನ ಕಿವಿಗೆ ಬಾಯಿಟ್ಟು, “ಕುರ್ರ್… ಅಮರಮ್ಮ” ಎಂದಳು. ಬೆನ್ನಿನ ಮೇಲೆ ಗುದ್ದು ಬಿದ್ದವು. ಎಲ್ಲರದೂ ಹುಡುಗಾಟದ ಗುದ್ದು, ಪಾರ್ವತೆಮ್ಮನದು ಮಾತ್ರ ಧಡ್ಡೆಂದು ಬಿತ್ತು. ಬಹಳ ದಿನದ ಬಾಕಿ ಇದ್ದದ್ದು, ಬೀಳಲೇಬೇಕಿತ್ತು. ಬಸವಣ್ಣೆಮ್ಮ ಕಣ್ಣೊರೆಸಿಕೊಂಡಳು. ಗುದ್ದು ಜೋರಾಯಿತು ಎಂದು ಮಂದಿ ನಕ್ಕರು.

ಮರುದಿನ ಸೋಮವಾರ, ಬೆಳಕು ಹರಿಯುವ ಹೊತ್ತಿಗೆ ಬಸವಣ್ಣೆಮ್ಮ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಹೊರಟಳು. ಲಿಂಗಸುಗೂರಿನಲ್ಲಿ ಪಂಪಣ್ಣನ ತಂಗಿಯ ಮನೆಯಲ್ಲಿ ಉಳಿದು, ಮರುದಿನ ಗುರುಗುಂಟಾ ಸೇರುವ ಯೋಚನೆ. ಯಾಕೆ ಹೋಗುತ್ತಿದ್ದೇನೆ ಎಂದು ಗಂಡನಿಗೆ ಹೇಳಲಿಲ್ಲ. ‘ಹೆಸರಿಟ್ಟಾತು, ದೇವರಿಗೆ ಹೇಳಿ ಬರ್ತೀನಿ’ ಅಂದಿದ್ದಳು. ಪಂಪಣ್ಣ ಆಕೆಯ ಬರಿಗಾಲು ನೋಡಿದ್ದ.

ಊರಿನ ಕೊನೆಯ ಮನೆ ದಾಟಿ ಬೇವಿನ ಮರದ ಹತ್ತಿರ ಬಂದಾಗ ಹಿಂದಿನಿಂದ ಕೂಗು ಕೇಳಿತು.

“ಅಕ್ಕಾರ! ನಿಂದರ್ರಿ!”

ಪಾರ್ವತೆಮ್ಮ. ಕಂಕುಳಲ್ಲಿ ಕೂಸು, ಹೆಗಲಿಗೆ ಚೀಲ. ಕಾಲಲ್ಲಿ ಚಪ್ಪಲಿ ಇಲ್ಲ.

“ಎಲ್ಲಿಗೆ ಬೇ ಹಿಂಗ? ಚಪ್ಪಲಿ ಎಲ್ಲಿ?”

“ನಿಮ್ಮವು ಎಲ್ಲಿ?” ಎಂದಳು ಪಾರ್ವತೆಮ್ಮ, ಏದುಸಿರು ಬಿಡುತ್ತ. “ನಿನ್ನಿ ಸಂಜಿಮುಂದ ಅರಿವಿ ತೊಳ್ಯಾಕ ಹೋದ್ರ ಕೈಗೆ ಚಾದ ಗಸಿ ಬಂತ್ರಿ. ನಾ ಏನ್ ಮಾಡೀನಂತ ಆಗ ತಿಳೀತು. ನಿಮಗ ಗೊತ್ತಾಗಿಲ್ಲ ಅಂದುಕೊಂಡು ದೇವರ ಮುಂದ ಕುಂತು ಅತ್ತೀನ್ರಿ. ಈಗ ನಿಮ್ಮ ಮನಿಯವ್ರು ಬಂದು, ಬರಿಗಾಲಾಗ ಹೋಗ್ಯಾಳ ಅಂತ ಇವರ ಮುಂದ ಅಂದ್ರು. ಆಣಿ ಮುರದಾರು ಹಂಗ ನಡದು ಹೋಗೂದು ನನಗೂ ಗೊತ್ತೈತಿ. ಗೊತ್ತಿದ್ದೂ ಕುಡದೀರೇನ್ರಿ, ಅಕ್ಕಾರ?”

ಬಸವಣ್ಣೆಮ್ಮ ರಸ್ತೆಯ ಕಡೆ ಮುಖ ತಿರುಗಿಸಿದಳು. “ಗೊತ್ತಿಲ್ಲದಂಗ ಕುಡ್ಯಾಕ ನನಗೇನು ಮೂಗಿಲ್ಲೇನು?”

“ಮತ್ತ ಯಾಕ ಕುಡದ್ರಿ?”

“ನೀ ಗಟ್ಟಿ ಆಗಬೇಕಂತ ಹಾಕಿದಿ. ನನಗ ಕೇಳಿತ್ತು.” ಕೂಸಿನ ಕೆನ್ನೆ ಸವರಿದಳು. “ಮನಿಗೆ ಹೋಗು ಈಗ. ಹಾಲು ಕುಡಿಯೋ ಕೂಸು ಹೊತಗೊಂಡು ಎಲ್ಲಿ ತನಕ ನಡೀತಿ?”

“ಹಾಕಿದಾಕಿ ನಾನು, ಕುಡದಾಕಿ ನೀವು. ಕಾಲು ಒಬ್ರವ ಯಾಕ ಸುಡಬೇಕ್ರಿ? ಆದಷ್ಟು ನಡೀತೀನಿ.”

ಅಳುತ್ತಲೇ ಆಕೆ ಬೇವಿನ ಬುಡದಲ್ಲಿ ಕೂತು ಚೀಲದಿಂದ ಥರ್ಮಾಸ್ ತೆಗೆದು, ಅದರ ಮುಚ್ಚಳಕ್ಕೆ ಬಗ್ಗಿಸಿದಳು.

“ಏನದು?”

“ಚಾ. ಬರೇ ಚಾ.”

“ಆಣಿ?”

“ಮುರದದ್ದು ಮುರದೈತಲ್ರಿ. ಹೆಂಗೂ ತಪ್ಪಾತಂತ ಹೊಂಟೀವಿ, ಎರಡೂ ಕೂಡಿಸಿ ಹೇಳಿದ್ರಾತು.”

ಬಸವಣ್ಣೆಮ್ಮನಿಗೆ ನಗು ಬಂತು. ಮುಚ್ಚಳವನ್ನು ಎರಡೂ ಅಂಗೈಯಲ್ಲಿ ಹಿಡಿದು ಒಳಗೆ ಇಣುಕಿದಳು. ಮೇಲೆ ಕೆನೆ ತೇಲುತ್ತಿತ್ತು. ಒಂದು ಗುಟುಕು ಕುಡಿದಳು.

“ಹಾಲು ಜಾಸ್ತಿ ಆಗೈತಿ ಬೇ” ಎಂದಳು. ಹಾಗೆ ಅನ್ನದಿದ್ದರೆ ಆಕೆ ಬಸವಣ್ಣೆಮ್ಮ ಆಗುತ್ತಿರಲಿಲ್ಲ.

“ಆಗ್ಲಿ, ಕುಡೀರಿ.”

ಪೂರ್ತಿ ಕುಡಿದು ಮುಚ್ಚಳ ಕೊಟ್ಟು, “ತಾ ಇಲ್ಲಿ ಅಮರಮ್ಮನ್ನ” ಎಂದು ಕೂಸನ್ನು ತನ್ನ ಕಂಕುಳಿಗೆ ಹಾಕಿಕೊಂಡಳು. ಬಿಸಿಲೇರುವ ಮುಂಚೆ ಆದಷ್ಟು ದಾರಿ ಸಾಗಲಿ ಎಂದು ಇಬ್ಬರೂ ಎದ್ದು ಲಿಂಗಸುಗೂರಿನ ಕಡೆ ನಡೆದರು.